ನೆಲದ ಬೆಲೆ ಯಾರು ಬೆಳೆಸಿದ ಬೆಳೆ?

ಬೀದರದಲ್ಲಿ ಇಂದು ಇಬ್ಬರು ಪರಿಚಿತರು ಎದುರಾದರೆ ಸಲಾಮು, ಶರಣಾರ್ಥಿಯ ನಂತರ ಬರುವುದು ಪ್ಲಾಟಿನ ಮಾತು. ನೌಬಾದ್ ಕಡೆ ಎಷ್ಟು ನಡೆದಿದೆ, ಚಿದ್ರಿಯಲ್ಲಿ ಎಷ್ಟು, ಮೈಲೂರಿನ ಹೊಸ ಲೇಔಟಿಗೆ ಎನ್.ಎ. ಆಗಿದೆಯೋ ಇಲ್ಲವೋ, ರಸ್ತೆಗೆ ಹತ್ತಿದ ಜಾಗಕ್ಕೆ ಮಳಿಗೆ ಕಟ್ಟಿದರೆ ಬಾಡಿಗೆ ಎಷ್ಟು ಬಂದೀತು. ಮದುವೆಯ ದಸ್ತರಖಾನಿನ ಮೇಲೂ ಇದೇ ಮಾತು. ಮಯ್ಯತ್ತಿಗೆ ಬಂದವರೂ ಕಬರಸ್ತಾನದ ಗೋಡೆಗೆ ಒರಗಿ ಪಕ್ಕದ ಹೊಲದ ದರ ವಿಚಾರಿಸುತ್ತಾರೆ. ಭಾಲ್ಕಿಯಲ್ಲಿ ರೈಲು ನಿಲ್ದಾಣದ ಸುತ್ತಮುತ್ತ, ಔರಾದಿನಲ್ಲಿ ಬೀದರ ರಸ್ತೆಯ ಅಂಚಿನಲ್ಲಿ ಈ ಮಾತು ಇನ್ನೂ ಸಣ್ಣ ಅಂಕಿಗಳಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಈ ಎಲ್ಲ ಮಾತುಗಳಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಸುಮ್ಮನೆ ಬಿದ್ದ ನೆಲದ ಬೆಲೆ ಎರಡರಷ್ಟು, ನಾಲ್ಕರಷ್ಟು ಆಯಿತು ಎನ್ನುತ್ತೇವಲ್ಲ, ಆ ಏರಿದ ಬೆಲೆಯನ್ನು ಹುಟ್ಟಿಸಿದವರು ಯಾರು? ಕಾಗದದ ಮೇಲೆ ಅದು ಮಾಲಕನದು, ಅದರಲ್ಲಿ ಸಂದೇಹವಿಲ್ಲ. ಆದರೆ ದೇವರ ಮುಂದೆ, ನೆರೆಹೊರೆಯ ಮುಂದೆ ಅದು ಪೂರ್ತಿಯಾಗಿ ಅವನದೇ ಏನು?

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಊರು ಬೆಳೆಯುವುದು ತಪ್ಪಲ್ಲ. ಬೀದರ ಹುಟ್ಟಿ ಬೆಳೆದದ್ದೇ ನೆಲದ ಬಗ್ಗೆ ತೆಗೆದುಕೊಂಡ ಒಂದು ದೊಡ್ಡ ತೀರ್ಮಾನದಿಂದ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಅಹ್ಮದ್ ಶಾಹ ಬಹಮನಿ ಗುಲ್ಬರ್ಗದಿಂದ ರಾಜಧಾನಿಯನ್ನು ಈ ಎತ್ತರದ ಕೆಂಪು ನೆಲಕ್ಕೆ ತಂದ. ಅರಮನೆಯ ಜೊತೆಗೆ ಬಜಾರು ಬಂತು, ಚೌಬಾರಾದಿಂದ ನಾಲ್ಕೂ ಕಡೆಗೆ ದಾರಿಗಳು ಹೊರಟವು. 1472ರಲ್ಲಿ ಮಹಮೂದ್ ಗಾವಾನ್ ತನ್ನ ಮದರಸಾ ಕಟ್ಟಿಸಿದಾಗ ಆ ಬೀದಿಯ ನೆಲಕ್ಕೆ ಬೇರೆಯೇ ಕಳೆ ಬಂದಿರಬೇಕು. ನಮ್ಮ ಕಾಲದಲ್ಲೂ ಅದೇ ನಡೆದಿದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬಂತು, ಸರಕಾರಿ ವೈದ್ಯಕೀಯ ಕಾಲೇಜು ಬಂತು. 1989ರಲ್ಲಿ ಕೆಲವೇ ಮಕ್ಕಳೊಂದಿಗೆ ಆರಂಭವಾದ ಶಾಹೀನ್ ಸಂಸ್ಥೆಯ ಹೆಸರು ಕೇಳಿ ಬೇರೆ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರತೊಡಗಿದರು. 2017ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ವಿಮಾನ ಹಾರಿತು. ನಡುವೆ ಅದು ನಿಂತದ್ದೂ ಉಂಟು. 2011ರ ಜನಗಣತಿಯಲ್ಲೇ ಎರಡು ಲಕ್ಷ ದಾಟಿದ್ದ ಈ ಊರಿನ ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡಲು ರಾಜ್ಯ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. ಇಷ್ಟು ಕಾಲ ಹಿಂದುಳಿದ ಪ್ರದೇಶ ಎಂಬ ಹಣೆಪಟ್ಟಿ ಹೊತ್ತವರಿಗೆ ಇದೆಲ್ಲ ಸಂತೋಷದ ಸಂಗತಿಯೇ.

ಆದರೆ ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಖಾಲಿ ಪ್ಲಾಟಿನ ಮಾಲಕ ಮಾಡಿದ ಕೆಲಸ ಒಂದಾದರೂ ಇದೆಯೇ? ರೈಲು ಹಳಿ ಹಾಕಿದ್ದು ದೇಶದ ತೆರಿಗೆಯ ಹಣ. ಕಾಲೇಜು ನಡೆಸಿದ್ದು ಅಧ್ಯಾಪಕರು. ದಾರಿ ಮಾಡಿದ್ದು ಡಾಂಬರು ಕಾಯಿಸಿದ ಕೂಲಿಯವರು. ಪಕ್ಕದಲ್ಲಿ ಮೊದಲ ಮನೆ ಕಟ್ಟಿ, ಕತ್ತಲಲ್ಲಿ ಹಾವು-ಚೇಳಿಗೆ ಹೆದರುತ್ತಾ, ಟ್ಯಾಂಕರಿನ ನೀರಿಗೆ ಕಾಯುತ್ತಾ ಆ ಲೇಔಟಿಗೆ ಜೀವ ತಂದದ್ದು ಯಾವುದೋ ಸಣ್ಣ ನೌಕರನ ಸಂಸಾರ. ಹತ್ತು ವರ್ಷದ ಹಿಂದೆ ಎರಡು ಲಕ್ಷಕ್ಕೆ ಕೊಂಡ ಮೂವತ್ತು-ನಲವತ್ತರ ನಿವೇಶನ ಇಂದು ಹನ್ನೆರಡು ಲಕ್ಷ ಎಂದಿಟ್ಟುಕೊಳ್ಳಿ. ಆ ಹತ್ತು ವರ್ಷ ಮಾಲಕ ಮಾಡಿದ್ದು ಇಷ್ಟೇ: ನಾಲ್ಕು ಕಲ್ಲು ನೆಟ್ಟ, ಜಾಲಿ ಬೆಳೆಯಲು ಬಿಟ್ಟ, ಕಾದ. ಹತ್ತು ಲಕ್ಷ ಬೆಳೆದದ್ದು ಬೇರೆಯವರ ಬೆವರಿನ ಮೇಲೆ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಇದನ್ನೇ ಮುಂದಿಟ್ಟು ಒಂದು ಪುಸ್ತಕ ಬರೆದ. ಸಮಾಜ ಹುಟ್ಟಿಸಿದ ಭೂಮಿಯ ಬೆಲೆ ತೆರಿಗೆಯ ರೂಪದಲ್ಲಿ ಸಮಾಜಕ್ಕೇ ಮರಳಬೇಕು ಎಂಬುದು ಅವನ ವಾದ. ಅವನ ಪರಿಹಾರವನ್ನು ಎಲ್ಲರೂ ಒಪ್ಪಬೇಕಿಲ್ಲ. ಅವನ ಪ್ರಶ್ನೆಯಿಂದ ಮಾತ್ರ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಮುಸ್ಲಿಮರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ನಮ್ಮಲ್ಲಿ ಎಷ್ಟೋ ಮಂದಿ ಪ್ಲಾಟು ಕೊಳ್ಳುವುದೇ ಬಡ್ಡಿಯಿಂದ ದೂರ ಇರಲು. ಸೌದಿಯಲ್ಲಿ ವಾಹನ ಓಡಿಸಿ ಉಳಿಸಿದ ಹಣ, ನಿವೃತ್ತ ಉರ್ದು ಮೇಷ್ಟ್ರ ಗ್ರಾಚ್ಯುಟಿ, ಮಗಳ ಮದುವೆಗೆಂದು ಕೂಡಿಟ್ಟ ಹಣ ಬ್ಯಾಂಕಿನ ಠೇವಣಿಗೆ ಹೋದರೆ ಬಡ್ಡಿಯ ಭಯ. ಚಿನ್ನ ಮನೆಯಲ್ಲಿಟ್ಟರೆ ಕಳ್ಳರ ಭಯ. ಹಾಗಾಗಿ ಹಣ ನೆಲಕ್ಕೆ ಹೋಗುತ್ತದೆ. ಇದರಲ್ಲಿ ಸದುದ್ದೇಶವೇ ಇದೆ, ಹೀಯಾಳಿಸುವಂಥದ್ದೇನೂ ಇಲ್ಲ. ಆದರೆ ಬಡ್ಡಿಯನ್ನು ಧರ್ಮ ಯಾಕೆ ನಿಷೇಧಿಸಿತು ಎಂದೂ ನೆನೆಯಬೇಕು. ದುಡಿಯದೆ, ನಷ್ಟದಲ್ಲಿ ಪಾಲು ಹೊರದೆ, ಕೇವಲ ಕಾಲ ಕಳೆದದ್ದಕ್ಕೆ ಇನ್ನೊಬ್ಬನ ದುಡಿಮೆಯಿಂದ ಹಣ ಬರಬಾರದು ಎಂಬುದು ಅದರ ಹಿಂದಿನ ನ್ಯಾಯ. ನೆಲದ ಕ್ರಯ-ವಿಕ್ರಯ ವ್ಯಾಪಾರ, ವ್ಯಾಪಾರ ಹಲಾಲ್, ಬೆಲೆ ಬೀಳುವ ಅಪಾಯವನ್ನು ಕೊಂಡವನೇ ಹೊರುತ್ತಾನೆ. ಈ ಭೇದವನ್ನು ಅಳಿಸಿಹಾಕುವುದು ನಮ್ಮ ಉದ್ದೇಶವಲ್ಲ. ಆದರೂ ಜಾಲಿ ಬೆಳೆದ ನಿವೇಶನ ಹತ್ತು ವರ್ಷ ಕೆಲಸವಿಲ್ಲದೆ ಬಿದ್ದು, ಮನೆಯಿಲ್ಲದವನ ಕೈಗೆ ನೆಲ ಎಟುಕದಂತೆ ಮಾಡಿ, ಕೊನೆಗೆ ಅವನಿಂದಲೇ ಆರುಪಟ್ಟು ವಸೂಲು ಮಾಡಿದರೆ ಫತ್ವಾದ ಪ್ರಕಾರ ಅದು ವ್ಯಾಪಾರವಾಗಿಯೇ ಉಳಿಯಬಹುದು. ಬಡ್ಡಿ ಬೇಡವೆಂದು ಓಡಿಬಂದ ಆತ್ಮಕ್ಕೆ ಅದು ಶಾಂತಿ ಕೊಟ್ಟೀತೇ?

ಖಾಲಿ ಬಿಟ್ಟ ನೆಲದ ಬಗ್ಗೆ ನಮ್ಮ ಪರಂಪರೆ ಮೌನವಾಗಿಲ್ಲ. ಬರಡು ಬಿದ್ದ ನೆಲವನ್ನು ಯಾರು ದುಡಿದು ಬದುಕಿಸುತ್ತಾರೋ ಅದು ಅವರದು ಎಂದು ಪ್ರವಾದಿ ಮುಹಮ್ಮದರು(ಸ) ತಿಳಿಸಿದ್ದಾರೆ. ಇಲ್ಲಿ ಹಕ್ಕು ಹುಟ್ಟುವುದು ದುಡಿಮೆಯಿಂದ. ಸುತ್ತ ಕಲ್ಲಿಟ್ಟು ಬೇಲಿ ಹಾಕಿದವನಿಗೆ ಮೂರು ವರ್ಷದ ನಂತರ ಅದರ ಮೇಲೆ ಹಕ್ಕಿಲ್ಲ ಎಂಬ ನಿಯಮವನ್ನು ಫಿಕ್ಹ್ ಗ್ರಂಥಗಳು ಖಲೀಫಾ ಉಮರ್‌ರ(ರ) ಹೆಸರಿನಲ್ಲಿ ದಾಖಲಿಸುತ್ತವೆ. ಬಿಲಾಲ್ ಬಿನ್ ಹಾರಿಸ್ ಅಲ್ ಮುಝನಿ ಎಂಬವರಿಗೆ ಅಕೀಕ್ ಕಣಿವೆಯ ನೆಲವನ್ನು ಸ್ವತಃ ಪ್ರವಾದಿಯವರೇ ಕೊಟ್ಟಿದ್ದರು. ಅವರಿಂದ ಅಷ್ಟನ್ನೂ ಉಳಲು ಆಗಲಿಲ್ಲ. ಉಮರ್ ತಮ್ಮ ಆಡಳಿತದಲ್ಲಿ ಅವರನ್ನು ಕರೆಸಿ, ಸಾಧ್ಯವಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಲು ಹೇಳಿ, ಅದನ್ನು ಜನರಿಗೆ ಹಂಚಿದರು. ಪ್ರವಾದಿಯವರ ಕೈಯಿಂದ ಬಂದ ನೆಲಕ್ಕೇ ಈ ಮಾತು ಅನ್ವಯಿಸಿತು! ಇದು ದಾನವಾಗಿ ಬಂದ ನೆಲದ ನಿಯಮ, ಹಣ ಕೊಟ್ಟು ಕೊಂಡ ಪ್ಲಾಟಿಗೆ ಹಾಗೆಯೇ ಹೊಂದುವುದಿಲ್ಲ ಎಂದು ಆಲಿಮರು ಹೇಳಿದರೆ ಅದನ್ನು ಒಪ್ಪುತ್ತೇವೆ. ಆದರೆ ಅದರ ಹಿಂದಿನ ಧೋರಣೆ ಯಾರಿಗೂ ಕಾಣದೆ ಇರಲಾರದು. ನೆಲ ಇರುವುದು ಉಪಯೋಗಕ್ಕೆ, ತಡೆಹಿಡಿಯುವುದಕ್ಕಲ್ಲ.

ಇದೇ ವಿಷಯವನ್ನು ರೈತನ ಕಡೆಯಿಂದ ನೋಡಿದರೆ ಇನ್ನೂ ಕಹಿಯಾಗಿ ಕಾಣುತ್ತದೆ. ಔರಾದಿನ ಮಳೆ ನಂಬಿದ ಹೊಲದಲ್ಲಿ ತೊಗರಿ, ಹೆಸರು, ಉದ್ದು, ಸೋಯಾ ಬಿತ್ತಿ ಒಂದು ವರ್ಷ ಗೆದ್ದು ಎರಡು ವರ್ಷ ಸೋಲುವವನಿಗೆ ದಲಾಲ ಹೇಳುವ ಎಕರೆಯ ದರ ದೊಡ್ಡದಾಗಿಯೇ ಕಾಣುತ್ತದೆ. ಅವನು ಮಾರುವುದು ಎಕರೆಯ ಲೆಕ್ಕದಲ್ಲಿ. ಬಯಾನಾ ಕೊಟ್ಟವನು ಅದನ್ನು ಗುಂಟೆಯ ಲೆಕ್ಕದಲ್ಲಿ ದಾಟಿಸುತ್ತಾನೆ. ಕಡೆಗೆ ಮನೆ ಕಟ್ಟುವವನು ಕೊಳ್ಳುವುದು ಚದರಡಿಯ ಲೆಕ್ಕದಲ್ಲಿ. ಒಂದು ಎಕರೆಗೆ ನಲವತ್ತು ಗುಂಟೆ, 43,560 ಚದರಡಿ. ಅಳತೆಯ ಮಾನ ಸಣ್ಣದಾದಷ್ಟೂ ಬೆಲೆ ದೊಡ್ಡದಾಗುತ್ತದೆ, ಆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ರೈತ ನಿಂತಿರುತ್ತಾನೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕನಲ್ಲದವನೂ ನೇರವಾಗಿ ಹೊಲ ಕೊಳ್ಳುವಂತಾಯಿತು. ರೈತನಿಗೆ ಹೆಚ್ಚು ಗಿರಾಕಿ ಸಿಗುತ್ತಾರೆ ಎಂಬುದು ಅದರ ಸಮರ್ಥನೆ. ಗಿರಾಕಿ ಸಿಕ್ಕರು, ನಿಜ. ಆದರೆ ಮಾರಿದ ಹಣ ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಕರಗಿದ ಮೇಲೆ ಅವನ ಮಗ ಅದೇ ಹೊಲದಲ್ಲಿ ಎದ್ದ ಮಳಿಗೆಯ ಮುಂದೆ ರಾತ್ರಿ ಕಾವಲಿಗೆ ಕೂರುತ್ತಾನೆ, ಇಲ್ಲವೇ ಹೈದರಾಬಾದು, ಪುಣೆಯ ಬಸ್ಸು ಹತ್ತುತ್ತಾನೆ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಲ್ಲಿ ಹೊಲ ಮುಳುಗಿದವರು ನ್ಯಾಯವಾದ ಪರಿಹಾರ ಕೇಳಿ ಜಿಲ್ಲಾ ಕೇಂದ್ರದಲ್ಲಿ ದೀರ್ಘ ಕಾಲ ಧರಣಿ ಕೂತದ್ದನ್ನು ಈ ಜಿಲ್ಲೆ ಕಂಡಿದೆ. ಅಂದು ಅವರ ನೆಲಕ್ಕೆ ಕಟ್ಟಿದ ಬೆಲೆ, ಇಂದು ಸುತ್ತಮುತ್ತ ನಡೆದಿರುವ ಬೆಲೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವರ ಸಂಕಟ ಯಾರಿಗಾದರೂ ಅರ್ಥವಾಗುತ್ತದೆ. ಅಭಿವೃದ್ಧಿಗೆ ನೆಲ ಕೊಟ್ಟವನಿಗೆ ಅದರ ಫಲ ಸಿಗದೆ, ಪಕ್ಕದಲ್ಲಿ ಕಾದು ಕೂತವನಿಗೆ ಸಿಗುವುದು ಎಂಥ ನ್ಯಾಯ?

ನಾವು ಉರ್ದು ಓದಿದವರೆಂದು ಪರಿಚಯದವರು ಆಗಾಗ ನಿಜಾಮರ ಕಾಲದ ಕಾಗದಗಳನ್ನು ಓದಿಸಲು ತರುವುದುಂಟು. ಅವುಗಳಲ್ಲಿ ತಪ್ಪದೆ ಕಾಣುವ ಒಂದು ಭಾಗ 'ಹುದೂದೆ ಅರಬಾ', ಅಂದರೆ ನಾಲ್ಕು ಎಲ್ಲೆಗಳು, ನಮ್ಮ ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಬಾವಿ, ಉತ್ತರಕ್ಕೆ ಸಾರ್ವಜನಿಕ ದಾರಿ, ದಕ್ಷಿಣಕ್ಕೆ ಮಸೀದಿಯ ಗೋಡೆ. ಒಬ್ಬನ ಸ್ವತ್ತು ಯಾವುದು ಎಂದು ಹೇಳಲು ನಾಲ್ಕು ಕಡೆಯ ನೆರೆಯವರ ಹೆಸರು ಬೇಕಾಗುತ್ತಿತ್ತು. ನಮ್ಮ ನೆಲ ನಮ್ಮದಾಗುವುದೇ ನೆರೆಯವರು ಇರುವುದರಿಂದ ಎಂಬ ತಿಳಿವಳಿಕೆ ಆ ಬರಹದ ರೂಢಿಯಲ್ಲೇ ಅಡಗಿತ್ತು. ಇಂದಿನ ಕ್ರಯಪತ್ರದಲ್ಲೂ ಚೆಕ್ಕುಬಂದಿ ಇದೆ. ಆದರೆ ಅಲ್ಲಿರುವುದು ಪ್ಲಾಟ್ ನಂಬರ್ ಹದಿನಾಲ್ಕು, ಪ್ಲಾಟ್ ನಂಬರ್ ಹದಿನಾರು. ನೆರೆಯವನ ಜಾಗದಲ್ಲಿ ಅಂಕಿ ಬಂದು ಕೂತಿದೆ.

ನೆರೆಯವನ ಈ ಸ್ಥಾನಕ್ಕೆ ಫಿಕ್ಹ್‌ನಲ್ಲಿ ಒಂದು ಹೆಸರೇ ಇದೆ: ಶುಫಾ. ನೆಲ ಮಾರುವಾಗ ಪಾಲುದಾರನಿಗೆ ಮೊದಲ ಹಕ್ಕು. ಹನಫಿ ಪಂಥದಲ್ಲಿ ಪಕ್ಕದ ಮನೆಯವನಿಗೂ ಆ ಹಕ್ಕು ಉಂಟು. ಭಾರತದಲ್ಲಿ ಕೇವಲ ನೆರೆಹೊರೆ ಎಂಬ ಕಾರಣಕ್ಕೆ ಕೇಳುವ ಇಂಥ ಹಕ್ಕನ್ನು ಸುಪ್ರೀಂ ಕೋರ್ಟು 1962ರಲ್ಲಿ ಮಾನ್ಯ ಮಾಡಲಿಲ್ಲ. ಕಾನೂನಿನ ಮಾತು ಹಾಗಿರಲಿ, ನೆರೆಯವನನ್ನು ಕೇಳಿ ಮಾರು ಎಂಬ ಸೌಜನ್ಯ ಉಳಿಯಬಹುದಿತ್ತು. ಉಳಿದದ್ದು ಅದರ ತಲೆಕೆಳಗಾದ ರೂಪ. ಕೆಲವು ಲೇಔಟುಗಳಲ್ಲಿ ದಲಾಲ ಹಣ ಕೇಳುವ ಮೊದಲು ಹೆಸರು ಕೇಳುತ್ತಾನೆ. ಹೆಸರು ಕೇಳಿ ಪ್ಲಾಟು 'ಬುಕ್ಕಾಗಿದೆ' ಎನ್ನುತ್ತಾನೆ. ಮುಸ್ಲಿಮರಿಗೆ ಇದು ಹೊಸತಲ್ಲ, ದಲಿತರಿಗೆ ಇನ್ನೂ ಹಳೆಯದು. ಆದರೆ ನಮ್ಮ ಮೊಹಲ್ಲಾಗಳಲ್ಲೂ ಬಾಡಿಗೆಗೆ ಮನೆ ಕೇಳಿ ಬಂದವರ ಜಾತಿ, ಜಮಾತು, ಮಸ್ಲಕ್ ವಿಚಾರಿಸುವುದು ಇಲ್ಲವೇ? ಒಂದು ಕಾಲದಲ್ಲಿ ನೆರೆತನ ಹಕ್ಕು ಕೊಡುತ್ತಿತ್ತು, ಈಗ ನೆರೆತನದ ಹೆಸರಿನಲ್ಲೇ ಬಾಗಿಲು ಮುಚ್ಚುತ್ತದೆ. ಊರು ಹೀಗೆ ತುಂಡುತುಂಡಾಗಿ ಬೆಳೆದರೆ ಚೌಬಾರಾದಂಥ ನಾಲ್ಕೂ ದಾರಿ ಕೂಡುವ ಜಾಗ ಹೊಸ ಬೀದರದಲ್ಲಿ ಎಲ್ಲಿ ಉಳಿದೀತು?

ನೆಲದ ಮೇಲಿನ ಸಂಬಂಧದಂತೆ ನೆಲದ ಕೆಳಗಿನ ಸಂಬಂಧವೂ ಉಂಟು. ನೌಬಾದಿನ ಕರೇಜ್, ನಮ್ಮ ಜನರ ಬಾಯಲ್ಲಿ ಸುರಂಗ ಬಾವಿ, ಬಹಮನಿಗಳ ಕಾಲದ್ದು. ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಸುರಂಗ, ಅದರಲ್ಲಿ ನಿಧಾನವಾಗಿ ಇಳಿಜಾರಿನಲ್ಲಿ ಹರಿಯುವ ಅಂತರ್ಜಲ, ಅಲ್ಲಲ್ಲಿ ಗಾಳಿ ಆಡಲು, ನೀರು ಸೇದಲು ಮೇಲಕ್ಕೆ ತೆರೆದ ಬಾವಿಗಳು. ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿಯವರಂಥ ಸಂಶೋಧಕರು ಅದರ ಜಾಡು ಹಿಡಿದು ನಕ್ಷೆ ಮಾಡಿದರು. 2010ರ ದಶಕದಲ್ಲಿ ಜಿಲ್ಲಾಡಳಿತ ಹೂಳು ತೆಗೆಸಿತು. 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳು ಸೇರಿದವು. ಆದರೆ ಅಷ್ಟರಲ್ಲಿ ಕೆಲವು ಗಾಳಿಬಾವಿಗಳು ಮುಚ್ಚಿಹೋಗಿ, ಸುರಂಗದ ದಾರಿಯ ಮೇಲೆಯೇ ಕಟ್ಟಡಗಳು ಬಂದಿದ್ದವು. ಕಟ್ಟಿದವರಲ್ಲಿ ಹೆಚ್ಚಿನವರಿಗೆ ಕೆಳಗೆ ಏನಿದೆ ಎಂದು ತಿಳಿದಿರಲಾರದು. ಅವರ ಕಾಗದದಲ್ಲಿ ಅದು ಒಂದು ನಂಬರು ಮಾತ್ರ. ಫಿಕ್ಹ್‌ನಲ್ಲಿ 'ಹರೀಮ್' ಎಂಬ ವಿಚಾರವಿದೆ. ಒಂದು ಬಾವಿಯ ಸುತ್ತ ಇಂತಿಷ್ಟು ಮೊಳ ಜಾಗ ಆ ಬಾವಿಗೇ ಸೇರಿದ್ದು, ಅಲ್ಲಿ ಇನ್ನೊಬ್ಬ ಅಗೆಯುವಂತಿಲ್ಲ. ಪ್ರಾಣಿಗಳಿಗೆ ನೀರುಣಿಸುವ ಬಾವಿಗೆ ಹನಫಿಗಳು ನಲವತ್ತು ಮೊಳ ಹೇಳುತ್ತಾರೆ. ಅಂದರೆ ಬಾವಿಗೂ ಚೆಕ್ಕುಬಂದಿ ಉಂಟು, ನೀರಿಗೂ ಹಕ್ಕು ಉಂಟು. ಆರು ನೂರು ವರ್ಷ ನೀರು ಹರಿಸಿದ ಸುರಂಗಕ್ಕೆ ಒಂದು ಲೇಔಟಿನ ನಕ್ಷೆಯಲ್ಲಿ ಗೆರೆಯಷ್ಟು ಜಾಗ ಸಿಗಲಿಲ್ಲ ಎಂದರೆ ನಾವು ಹಿರಿಯರಿಗಿಂತ ಮುಂದುವರಿದವರು ಎನ್ನುವುದು ಹೇಗೆ?

ದೇವರ ಹೆಸರಿನ ನೆಲದ ಕಥೆಯನ್ನೂ ಹೇಳಲೇಬೇಕು. ವಕ್ಫ್ ಆಸ್ತಿಗಳಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 163 ಕೋಟಿ ರೂಪಾಯಿ ಆದಾಯ ಬರುತ್ತಿದೆ, ಸರಿಯಾಗಿ ನಿರ್ವಹಿಸಿದರೆ 12,000 ಕೋಟಿ ಬರಬಹುದು ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಕರ್ನಾಟಕದಲ್ಲಿ ಸಾವಿರಾರು ಎಕರೆ ವಕ್ಫ್ ಜಮೀನು ಕಬಳಿಕೆಯಾಗಿದೆ ಎಂಬ ಅನ್ವರ್ ಮಾಣಿಪ್ಪಾಡಿ ವರದಿ ಬಂದದ್ದು 2012ರಲ್ಲಿ. 2025ರ ತಿದ್ದುಪಡಿ ಕಾಯ್ದೆಯ ವಿರುದ್ಧ ನಾವು ಬೀದಿಗಿಳಿದೆವು, ಇಳಿದದ್ದು ಸರಿಯೇ. ಆದರೆ ಮಸೀದಿಯ ಮಳಿಗೆಯನ್ನು ಅಜ್ಜನ ಕಾಲದ ಬಾಡಿಗೆಗೆ ಹಿಡಿದು, ಒಳಬಾಡಿಗೆಗೆ ಕೊಟ್ಟು ಹತ್ತುಪಟ್ಟು ಎಣಿಸಿಕೊಳ್ಳುವವನು ಹೊರಗಿನವನೇನಲ್ಲ, ಮೊದಲ ಸಫ್‌ನಲ್ಲಿ ನಿಲ್ಲುವವನೂ ಆಗಿರಬಹುದು. ಆ ಮಳಿಗೆಯ ಬೆಲೆ ಏರಿದ್ದೂ ಊರಿನಿಂದಲೇ. ಅದು ಸೇರಬೇಕಾದದ್ದು ಅನಾಥರಿಗೆ, ವಿಧವೆಯರಿಗೆ, ಓದುವ ಮಕ್ಕಳಿಗೆ.

ಬೆಲೆ ಏರಿದಾಗ ಮೊದಲು ಮುಚ್ಚುವ ಇನ್ನೊಂದು ಬಾಗಿಲು ಹೆಣ್ಣುಮಕ್ಕಳದು. ಹೊಲ ಹೊಲವಾಗಿದ್ದಾಗ ಅಕ್ಕತಂಗಿಯರ ಪಾಲಿನ ಮಾತು ಯಾರಿಗೂ ಬೇಕಿರಲಿಲ್ಲ. ಅದೇ ಹೊಲ ಎನ್.ಎ. ಆಗುವ ದಿನ ಅಣ್ಣತಮ್ಮಂದಿರಿಗೆ ಅವರ ನೆನಪಾಗುತ್ತದೆ, ಹಕ್ಕು ಬಿಡುಗಡೆಯ ಕಾಗದದ ಮೇಲೆ ಸಹಿ ಬೇಕಲ್ಲ! ಒಂದು ಸೀರೆ, ಒಂದು ಊಟ, 'ತವರು ಬೇಕೋ ಪಾಲು ಬೇಕೋ' ಎಂಬ ಬೆದರಿಕೆ, ಅಲ್ಲಿಗೆ ಕುರ್‌ಆನ್ ನಿಗದಿಪಡಿಸಿದ ಪಾಲು ಮುಗಿಯಿತು. ಹಿಂದೂ ಮನೆಗಳಲ್ಲೂ ಇದೇ ಕಥೆ ಎಂದು ಸ್ನೇಹಿತರು ಹೇಳುತ್ತಾರೆ. ಅನ್ಯಾಯವಾಗಿ ಒಂದು ಗೇಣು ನೆಲ ಕಸಿದವನ ಕೊರಳಿಗೆ ಪರಲೋಕದಲ್ಲಿ ಏಳು ನೆಲಗಳ ಭಾರ ಬೀಳುತ್ತದೆ ಎಂಬ ಪ್ರವಾದಿಯವರ ಎಚ್ಚರಿಕೆಯನ್ನು ನಾವು ಒತ್ತುವರಿ ಮಾಡುವವರಿಗೆ ಮಾತ್ರ ಓದಿ ಹೇಳುತ್ತೇವೆ. ತಂಗಿಯ ಪಾಲೂ ಗೇಣುಗಳಲ್ಲೇ ಅಳೆಯುವ ನೆಲ.

ಹಾಗಾದರೆ ಪ್ಲಾಟು ಕೊಳ್ಳುವುದೇ ಪಾಪವೇ ಎಂದು ಕೇಳಬಹುದು. ಅಲ್ಲ. ಮಕ್ಕಳಿಗೆ ಸೂರು ಮಾಡಲು ಕೊಂಡ ನಿವೇಶನ ಬೇರೆ. ವಿಧವೆಯೊಬ್ಬಳು ಮುದಿವಯಸ್ಸಿಗೆಂದು ಹಿಡಿದಿಟ್ಟ ತುಂಡು ನೆಲ ಬೇರೆ. ಮಳಿಗೆ ಕಟ್ಟಿ ನಾಲ್ಕು ಜನರಿಗೆ ಅಂಗಡಿ ಇಡಲು ಕೊಟ್ಟವನು ಊರಿಗೆ ಒಂದಿಷ್ಟು ಸೇರಿಸಿದ್ದಾನೆ. ಮಾರಲೆಂದೇ ಒಂದರ ಮೇಲೊಂದು ಕೊಂಡು ಬೀಗ ಹಾಕಿದ ಹತ್ತು ಪ್ಲಾಟುಗಳ ಕಥೆ ಬೇರೆ. ಈ ಭೇದ ಕಾನೂನಿಗೆ ಕಾಣದು. ಧರ್ಮಕ್ಕೆ ಕಾಣುತ್ತದೆ, ಏಕೆಂದರೆ ಅದು ನಿಯ್ಯತ್ತನ್ನು ಕೇಳುತ್ತದೆ. ಮನೆ ಕಟ್ಟುವ ನಿಯ್ಯತ್ತಿನ ನಿವೇಶನಕ್ಕೆ ಝಕಾತ್ ಇಲ್ಲ. ಮಾರುವ ನಿಯ್ಯತ್ತಿನಿಂದ ಕೊಂಡದ್ದು ವ್ಯಾಪಾರದ ಸರಕು. ಹನಫಿಗಳ ಪ್ರಕಾರ ಪ್ರತಿ ವರ್ಷ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ ನಲವತ್ತರಲ್ಲಿ ಒಂದು ಪಾಲು ಕೊಡಬೇಕು. ಬೆಲೆ ಏರಲೆಂದು ಕಾದವನು ಮಾರಿದಾಗ ಒಂದು ವರ್ಷದ್ದು ಕೊಟ್ಟರೆ ಸಾಕು ಎಂಬುದು ಮಾಲಿಕಿಗಳ ಮತ. ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫಿಗಳು. ಒಂದು ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಲೆಕ್ಕ ಸುಲಭ: ವರ್ಷಕ್ಕೆ ಎಕರೆಗೊಂದು ಗುಂಟೆಯ ಬೆಲೆ. ಹತ್ತು ಲಕ್ಷದ ಪ್ಲಾಟಿಗೆ ಇಪ್ಪತ್ತೈದು ಸಾವಿರ. ಚಿನ್ನದ ಝಕಾತನ್ನು ಗ್ರಾಮಿನವರೆಗೆ ತೂಗುವ ಮನೆಗಳಲ್ಲೂ ಈ ಲೆಕ್ಕ ಎಷ್ಟು ಕಡೆ ನಡೆಯುತ್ತದೆ? ನಡೆದರೆ ಎರಡು ಲಾಭ. ಊರು ಹುಟ್ಟಿಸಿದ ಬೆಲೆಯಲ್ಲಿ ಒಂದು ಪಾಲು ಊರಿನ ಬಡವರಿಗೆ ಮರಳುತ್ತದೆ. ಸುಮ್ಮನೆ ಹಿಡಿದಿಡುವುದು ದುಬಾರಿ ಎನಿಸಿ, ನೆಲ ಮನೆ ಕಟ್ಟುವವನ ಕೈಗೆ ಬೇಗ ಬರುತ್ತದೆ.

ಈ ಜಿಲ್ಲೆಯವರಿಗೆ ಇದನ್ನು ಅರಬ್ಬಿ ಹೆಸರುಗಳಲ್ಲೇ ಹೇಳಬೇಕಾಗಿಲ್ಲ. ಬಸವಕಲ್ಯಾಣದ ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯ ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಅವನು ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಇದ್ದಲ್ಲಿಗೇ ಸುರಿದು ಬರಲು ಕಳಿಸಿದಳು. ಕದ್ದು ತಂದ ಅಕ್ಕಿಯಲ್ಲ ಅದು, ಕಾನೂನಿನ ತಕರಾರೂ ಅಲ್ಲ. ಕಾಯಕಕ್ಕಿಂತ ಹೆಚ್ಚು ಬಂದದ್ದು ತಮ್ಮದಲ್ಲ ಎಂಬುದೇ ಅವಳ ತಕರಾರು. ಬಿದರಿ ಕುಶಲಕರ್ಮಿಗಳನ್ನೂ ನೋಡಿ. ಕೋಟೆಯ ಹಳೆಯ ಮಣ್ಣಿನಿಂದ ಅವರು ಪಾತ್ರೆಗೆ ಕಪ್ಪು ಬಣ್ಣ ತರುತ್ತಾರೆ, ಬೆಳ್ಳಿಯ ಬಳ್ಳಿ ಅದರ ಮೇಲೆ ಎದ್ದು ಕಾಣುತ್ತದೆ. ಅದೂ ಬೀದರದ ಮಣ್ಣೇ. ಅದಕ್ಕೆ ಬೆಲೆ ಬಂದದ್ದು ಕೈ ದುಡಿದದ್ದರಿಂದ, ಕಾದು ಕೂತದ್ದರಿಂದ ಅಲ್ಲ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಬರುವ ರಮಝಾನಿನಲ್ಲಿ ಝಕಾತಿನ ಲೆಕ್ಕ ಹಾಕುವವರು ಮಾರಲೆಂದು ಇಟ್ಟ ಪ್ಲಾಟುಗಳನ್ನೂ ಸೇರಿಸಲಿ. ಜುಮಾ ಖುತ್ಬಾದಲ್ಲಿ ಇಮಾಮರು ಬಡ್ಡಿಯ ಜೊತೆಗೆ ಬೀಗ ಬಿದ್ದ ನೆಲದ ಬಗ್ಗೆಯೂ, ಅಕ್ಕತಂಗಿಯರ ಪಾಲಿನ ಬಗ್ಗೆಯೂ ಮಾತಾಡಲಿ. ಮಸೀದಿ ಕಮಿಟಿಗಳು ತಮ್ಮ ಮಳಿಗೆಗಳ ಬಾಡಿಗೆಯನ್ನು ಎಲ್ಲರೂ ಓದುವಂತೆ ಗೋಡೆಗೆ ಹಚ್ಚಲಿ. ಲೇಔಟು ಮಾಡುವವರು ಉದ್ಯಾನಕ್ಕೆ, ದಾರಿಗೆ ಬಿಡಬೇಕಾದ ಜಾಗವನ್ನು ಬಿಡಲಿ, ಕೆಳಗೆ ಸುರಂಗವಿದೆಯೇ ಎಂದು ಒಮ್ಮೆ ವಿಚಾರಿಸಲಿ. ಪ್ಲಾಟು ಮಾರುವವರು ಗಿರಾಕಿಯ ಹೆಸರಿನಿಂದ ಅವನ ಧರ್ಮ, ಜಾತಿ ಎಣಿಸುವುದನ್ನು ಬಿಡಲಿ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಊರು ಕೊಟ್ಟದ್ದರಲ್ಲಿ ಊರಿಗೂ ಪಾಲಿದೆ ಎಂದು ಒಪ್ಪುವ ಮನಸ್ಸಿದ್ದರೆ ಸಾಕು.